ಬ್ರಿಸ್ಟಲ್ ಸಿಕಮೋರ್ ಹೆಲಿಕಾಪ್ಟರ್: ಮರದ ಬ್ಲೇಡ್, ಒಂದೇ ಲಿವರ್, ಯಾಕೆ ಹೀಗೆ?

ರತ್ನಾ_ಬ್ರಿಸ್ಟಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ವಿಮಾನದ ವಿಷಯ ಓದಿದವಳಲ್ಲ, ವೃತ್ತಿಯಲ್ಲಿ ನರ್ಸ್. ಬ್ರಿಸ್ಟಲ್‌ಗೆ ಬಂದು ಕೆಲವು ವರ್ಷ ಆಯಿತು. ಇಲ್ಲಿಗೆ ಹತ್ತಿರದ ವೆಸ್ಟನ್-ಸೂಪರ್-ಮೇರ್ ಎಂಬ ಕಡಲ ದಂಡೆಯ ಊರಿನಲ್ಲಿ ಹೆಲಿಕಾಪ್ಟರ್‌ಗಳಿಗೆ ಅಂತಲೇ ಒಂದು ಮ್ಯೂಸಿಯಂ ಇದೆ. ಮಗನಿಗೆ ಹೆಲಿಕಾಪ್ಟರ್ ಹುಚ್ಚು, ಹಾಗಾಗಿ ಹೋಗಿದ್ದೆವು.

ಅಲ್ಲಿ ಬ್ರಿಸ್ಟಲ್ ಸಿಕಮೋರ್ ಎಂಬ ಹಳೆಯ ಹೆಲಿಕಾಪ್ಟರ್ ನೋಡಿದೆ. ಮುಂದೆ ದುಂಡಗಿನ ಗಾಜಿನ ಮೂತಿ, ಹಿಂದೆ ತೆಳ್ಳಗಿನ ಬಾಲ. ನೋಡಲು ಮುದ್ದಾಗಿದೆ. ಆದರೆ ಮೂರು ಸಂಗತಿ ತಲೆಗೆ ಹತ್ತಲಿಲ್ಲ.

ಮೊದಲನೆಯದು, ಅದರ ಬ್ಲೇಡ್ ಮರದ್ದಂತೆ. ಆಕಾಶದಲ್ಲಿ ಆ ವೇಗದಲ್ಲಿ ಸುತ್ತುವ ರೆಕ್ಕೆಯನ್ನು ಮರದಲ್ಲಿ ಮಾಡುವ ಧೈರ್ಯ ಯಾರಿಗೆ ಬಂತು? ಎರಡನೆಯದು, ಎರಡು ಸೀಟಿನ ನಡುವೆ ಒಂದೇ ಲಿವರ್ ಇದೆ. ಬೇರೆ ಹೆಲಿಕಾಪ್ಟರ್‌ಗಳಲ್ಲಿ ಪ್ರತಿ ಪೈಲಟ್‌ಗೂ ಒಂದೊಂದು ಇತ್ತು. ಮೂರನೆಯದು ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ಇದರಲ್ಲಿ ಎರಡು ಸ್ಟ್ರೆಚರ್ ಹಿಡಿಯುತ್ತಿತ್ತಂತೆ. ಆ ಕ್ಯಾಬಿನ್ ನೋಡಿದರೆ ನಂಬಿಕೆ ಬರುವುದಿಲ್ಲ. ನಿಜವಾಗಿ ಗಾಯಾಳುಗಳನ್ನು ಸಾಗಿಸಿದ್ದಾರಾ, ಅಥವಾ ಸುಮ್ನೆ ಮಾರಾಟದ ಮಾತಾ?

ಗೊತ್ತಿದ್ದವರು ಹೇಳಿ. ನನಗಿಂತ ಜಾಸ್ತಿ ನನ್ನ ಮಗ ಕಾಯುತ್ತಿದ್ದಾನೆ.

---

ಮಾಡೆಲ್_ಮಂಜು, ಹುಬ್ಬಳ್ಳಿ:

ಮೇಡಂ, ಒಳ್ಳೆಯ ಪ್ರಶ್ನೆ. ಸಿಕಮೋರ್ ಅಂದರೆ ಬ್ರಿಟಿಷರು ತಾವೇ ವಿನ್ಯಾಸ ಮಾಡಿ ಹಾರಿಸಿದ ಮೊಟ್ಟಮೊದಲ ಹೆಲಿಕಾಪ್ಟರ್. ಮೊದಲ ಹಾರಾಟ 1947ರ ಜುಲೈ 27ರಂದು. ಅದೇ ಹೆಸರಿನ ಮರದ ಬೀಜಕ್ಕೆ ರೆಕ್ಕೆ ಇರುತ್ತದೆ, ಉದುರುವಾಗ ಗಿರಗಿರ ತಿರುಗುತ್ತದೆ. ಅದಕ್ಕೇ ಆ ಹೆಸರು. ಮರದ ಬ್ಲೇಡ್ ಯಾಕೆ ಅಂದರೆ, ಯುದ್ಧ ಆಗಷ್ಟೇ ಮುಗಿದಿತ್ತು, ಲೋಹಕ್ಕೆ ಬರ ಇತ್ತು. ಅಷ್ಟೇ ಇರಬೇಕು.

ಲಿವರ್ ವಿಷಯ ಹಳೇ ಫಿಟ್ಟರ್ ಸರ್ ಬಂದರೆ ಹೇಳುತ್ತಾರೆ. ಅವರು ಚೇತಕ್ ಹೆಲಿಕಾಪ್ಟರ್ ಮೇಲೆ ಕೆಲಸ ಮಾಡಿದವರು.

---

ಹಳೇ_ಫಿಟ್ಟರ್, ಬೆಂಗಳೂರು:

ಬಂದೆ, ಬಂದೆ.

ಮೊದಲು ಮಂಜು ಅವರ ಎರಡು ಮಾತಿಗೆ ತಕರಾರು. "ಮೊಟ್ಟಮೊದಲ ಬ್ರಿಟಿಷ್ ಹೆಲಿಕಾಪ್ಟರ್" ಅಲ್ಲ. ಸ್ಕಾಟ್ಲೆಂಡಿನ ವೇರ್ ಕಂಪನಿಯ ಡಬ್ಲ್ಯು-5 ಎಂಬ ಪುಟ್ಟ ಯಂತ್ರ 1938ರಲ್ಲೇ ಹಾರಿತ್ತು. ಮರುವರ್ಷ ಅದರ ತಮ್ಮ ಡಬ್ಲ್ಯು-6 ಪ್ರಯಾಣಿಕರನ್ನೂ ಹೊತ್ತು ಎದ್ದಿತ್ತು. ಯುದ್ಧ ಬಂತು, ಅವು ಅಲ್ಲಿಗೇ ನಿಂತವು. ಸಿಕಮೋರ್‌ಗೆ ಸಲ್ಲುವ ಹೆಗ್ಗಳಿಕೆ ಬೇರೆ. ಬ್ರಿಟನ್ನಿನಲ್ಲೇ ವಿನ್ಯಾಸವಾಗಿ ಹಾರಾಟ ಯೋಗ್ಯತೆಯ ಸರ್ಟಿಫಿಕೇಟ್ ಪಡೆದ ಮೊದಲ ಹೆಲಿಕಾಪ್ಟರ್ ಅದು, 1949ರಲ್ಲಿ. ಬ್ರಿಟಿಷ್ ವಾಯುಪಡೆಯ ಸೇವೆಗೆ ಸೇರಿದ ಮೊದಲ ಬ್ರಿಟಿಷ್ ವಿನ್ಯಾಸವೂ ಅದೇ.

ಇನ್ನು ಲೋಹದ ಬರದ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಸಿಕಮೋರ್‌ನ ಬಾಲ ಲೋಹದ ಹಾಳೆಯದ್ದು. ಕ್ಯಾಬಿನ್ ಹಗುರ ಲೋಹದ್ದು. ಅದಕ್ಕೆಲ್ಲ ಸಿಕ್ಕಿದ ಲೋಹ ಮೂರು ಬ್ಲೇಡಿಗೆ ಸಿಗಲಿಲ್ಲವೇ? ಮರವನ್ನು ಬೇಕಂತಲೇ ಆರಿಸಿಕೊಂಡರು. ಯಾಕೆ ಅಂತ ಹೇಳುತ್ತೇನೆ, ಇದು ನನ್ನ ಕೈ ಆಡಿದ ಜಾಗ.

ಹೆಲಿಕಾಪ್ಟರ್ ಬ್ಲೇಡ್ ಒಂದು ಸುತ್ತು ಬರುವಷ್ಟರಲ್ಲಿ ಒಮ್ಮೆ ಮೇಲಕ್ಕೆ ಬಾಗುತ್ತದೆ, ಒಮ್ಮೆ ಕೆಳಕ್ಕೆ. ಮುಂದಕ್ಕೆ ಹೋಗುವ ಬದಿಯಲ್ಲಿ ಗಾಳಿ ಜೋರು, ಹಿಂದಕ್ಕೆ ಬರುವ ಬದಿಯಲ್ಲಿ ಕಡಿಮೆ. ನಿಮಿಷಕ್ಕೆ ನೂರಾರು ಸಲ ಇದೇ ಕಥೆ. ಲೋಹವನ್ನು ಹೀಗೆ ಬಾಗಿಸುತ್ತಾ ಹೋದರೆ ಒಂದು ದಿನ ಕಣ್ಣಿಗೆ ಕಾಣದ ಸೀಳು ಹುಟ್ಟುತ್ತದೆ. ಆಮೇಲೆ ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಲೋಹದ ಈ ದಣಿವು ಎಷ್ಟು ಗಂಟೆಗೆ ಬರುತ್ತದೆ ಅಂತ ಲೆಕ್ಕ ಹಾಕುವ ವಿದ್ಯೆ 1940ರ ದಶಕದಲ್ಲಿ ಇನ್ನೂ ಎಳೆಯದು. ಮರ ಹಾಗಲ್ಲ. ಬಾಗುತ್ತಾ ಬಾಗುತ್ತಾ ಬಹಳ ಕಾಲ ತಡೆಯುತ್ತದೆ. ಮೇಲ್ಮೈಯನ್ನು ಬೇಕಾದ ಆಕಾರಕ್ಕೆ ನಯವಾಗಿ ತರಬಹುದು. ವಿಮಾನದ ಪ್ರೊಪೆಲರ್ ಮಾಡಿ ಪಳಗಿದ ಬಡಗಿಗಳೂ ಇದ್ದರು. ಆ ಹೊತ್ತಿಗೆ ಅದು ಜಾಣರ ಆಯ್ಕೆ.

ತೊಂದರೆ ಎಲ್ಲಿ ಅಂದರೆ, ಒಂದು ಹಲಗೆಯ ಹಾಗೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಮರದ ಬ್ಲೇಡುಗಳನ್ನು ತೂಕ ನೋಡಿ, ಸಮತೋಲ ನೋಡಿ ಜೊತೆ ಮಾಡುತ್ತಾರೆ. ಒಂದಕ್ಕೆ ಪೆಟ್ಟಾದರೆ ಇಡೀ ಸೆಟ್ಟಿನ ತಲೆನೋವು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಚೇತಕ್‌ಗೆ ಲೋಹದ ಬ್ಲೇಡ್. ಆದರೂ ಮೂರೂ ಒಂದೇ ಮಟ್ಟದಲ್ಲಿ ಓಡುತ್ತಿವೆಯಾ ಅಂತ ನೋಡುವ ಕೆಲಸ ಬಿಡುತ್ತಿರಲಿಲ್ಲ. ಹಿರಿಯರು ಹಳೆಯ ವಿಧಾನ ತೋರಿಸಿಕೊಟ್ಟಿದ್ದರು. ಪ್ರತಿ ಬ್ಲೇಡಿನ ತುದಿಗೆ ಬೇರೆ ಬೇರೆ ಬಣ್ಣದ ಚಾಕ್ ಬಳಿಯುವುದು. ಯಂತ್ರ ನೆಲದ ಮೇಲೆ ಓಡುತ್ತಿರುವಾಗ ಕೋಲಿಗೆ ಕಟ್ಟಿದ ಬಟ್ಟೆಯ ಪಟ್ಟಿಯನ್ನು ನಿಧಾನವಾಗಿ ತುದಿಗಳ ಹತ್ತಿರ ಒಯ್ಯುವುದು. ಬಟ್ಟೆಗೆ ಮೂರು ಬಣ್ಣದ ಗುರುತು ಬೀಳುತ್ತದೆ. ಮೂರೂ ಒಂದೇ ಎತ್ತರದಲ್ಲಿದ್ದರೆ ಟೀ ಕುಡಿಯಲು ಹೋಗಬಹುದು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಮತ್ತೆ ಸ್ಪ್ಯಾನರ್. ಕೋಲು ಹಿಡಿದವನ ಕಣ್ಣು ಬೇರೆ ಕಡೆ ಹೋಗಬಾರದು, ಅಷ್ಟೇ.

ಈಗ ಲಿವರ್. ಅದರ ಹೆಸರು ಕಲೆಕ್ಟಿವ್. ಎತ್ತಿದರೆ ಮೂರೂ ಬ್ಲೇಡಿನ ಕೋನ ಒಟ್ಟಿಗೆ ಹೆಚ್ಚಾಗಿ ಯಂತ್ರ ಮೇಲೇರುತ್ತದೆ. ಸಿಕಮೋರ್‌ನಲ್ಲಿ ತೂಕ ಉಳಿಸಲು ಎರಡು ಸೀಟಿನ ನಡುವೆ ಒಂದೇ ಇಟ್ಟರು. ಬಲಗಡೆ ಕೂತವನಿಗೆ ಕಷ್ಟವಿಲ್ಲ: ಎಡಗೈಗೆ ಕಲೆಕ್ಟಿವ್, ಬಲಗೈಗೆ ಕಾಲುಗಳ ನಡುವಿನ ಸೈಕ್ಲಿಕ್ ಕೋಲು, ಯಂತ್ರವನ್ನು ಬೇಕಾದ ಕಡೆ ವಾಲಿಸುವುದು. ಎಡಗಡೆ ಕೂತವನಿಗೆ ಎಲ್ಲವೂ ಉಲ್ಟಾ. ಪಾಠ ಹೇಳುವ ಮೇಷ್ಟ್ರು ಆ ಉಲ್ಟಾ ಸೀಟಿನಲ್ಲಿ ಕೂತು, ಹೊಸ ಹುಡುಗ ಎಡವಿದಾಗ ಕ್ಷಣದಲ್ಲಿ ಯಂತ್ರ ಹಿಡಿಯಬೇಕು. ಅಮೆರಿಕದ ಸಿಕೋರ್ಸ್ಕಿ ಆರ್-4ರಲ್ಲೂ ಇದೇ ಏರ್ಪಾಡು ಇತ್ತು. ಇಂದಿಗೂ ಹೆಚ್ಚಿನ ಹೆಲಿಕಾಪ್ಟರ್‌ಗಳಲ್ಲಿ ಮುಖ್ಯ ಪೈಲಟ್ ಬಲಕ್ಕೆ ಕೂರುವುದಕ್ಕೆ ಇದೂ ಒಂದು ಕಾರಣ ಅಂತ ಹೇಳುತ್ತಾರೆ.

ಇದನ್ನು ಮಾಡಿದವನ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ರೌಲ್ ಹಾಫ್ನರ್. 1905ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ಇಪ್ಪತ್ತೈದರ ಆಸುಪಾಸಿನಲ್ಲೇ ಎರಡು ಪ್ರಯೋಗದ ಹೆಲಿಕಾಪ್ಟರ್ ಕಟ್ಟಿದ. ಅವು ನೆಲ ಬಿಟ್ಟು ದೂರ ಹೋಗಲಿಲ್ಲ. ಎರಡನೆಯದು, ಆರ್-2, ನೀವು ಹೋದ ಮ್ಯೂಸಿಯಂನಲ್ಲೇ ಇದೆ, ನೋಡಿದಿರಾ? ಆಮೇಲೆ ಇಂಗ್ಲೆಂಡಿಗೆ ಬಂದು 1935ರಲ್ಲಿ ಎಆರ್-3 ಎಂಬ ಗೈರೋಪ್ಲೇನ್ ಹಾರಿಸಿದ. ಗೈರೋಪ್ಲೇನ್ ಅಂದರೆ ಮೇಲಿನ ರೋಟರ್ (ಸುತ್ತುವ ಬ್ಲೇಡುಗಳ ಸೆಟ್ಟು) ಎದುರು ಗಾಳಿಗೇ ತಿರುಗುವ ವಿಮಾನ. ಅದರ ಹಬ್‌ನಲ್ಲಿ, ಅಂದರೆ ಬ್ಲೇಡುಗಳು ಬಂದು ಸೇರುವ ನಡುಭಾಗದಲ್ಲಿ, ಇವನ ತಲೆ ಕಾಣುತ್ತದೆ. ಸುತ್ತುವ ಬ್ಲೇಡ್ ಹೊರಕ್ಕೆ ಹಲವು ಟನ್ ಬಲದಿಂದ ಎಳೆಯುತ್ತದೆ. ಆ ಎಳೆತವನ್ನೆಲ್ಲ ಬೇರಿಂಗ್ ಮೇಲೆ ಹಾಕಿದರೆ ಬ್ಲೇಡಿನ ಕೋನ ತಿರುಗಿಸಲು ಭೀಮನೇ ಬೇಕು. ಹಾಫ್ನರ್ ಮಧ್ಯೆ ಒಂದು ಉಕ್ಕಿನ ಟೈ ರಾಡ್ ಹಾಕಿದ. ಎಳೆತವನ್ನು ಅದು ಹೊರುತ್ತದೆ, ಬ್ಲೇಡ್ ತಿರುಗಿದಾಗ ತಾನೂ ಸ್ವಲ್ಪ ತಿರುಚಿಕೊಳ್ಳುತ್ತದೆ. ಬೇರಿಂಗ್ ಮೇಲಿನ ಭಾರ ಇಳಿಯುತ್ತದೆ. ಇದೇ ವಿಚಾರದ ಮಕ್ಕಳು ಮೊಮ್ಮಕ್ಕಳು ಇಂದಿನ ರೋಟರ್ ಹಬ್ಬುಗಳಲ್ಲೂ ಇವೆ.

1940ರಲ್ಲಿ ಬ್ರಿಟಿಷರು ಇವನನ್ನು ಶತ್ರು ದೇಶದವನು ಅಂತ ಶಿಬಿರದಲ್ಲಿ ಕೂಡಿಹಾಕಿದರು. ಆಸ್ಟ್ರಿಯಾದವನಲ್ಲವೇ? ಬಿಡುಗಡೆ ಆದ ಮೇಲೆ ಅದೇ ಸರ್ಕಾರಕ್ಕೆ ಕೆಲಸ ಮಾಡಿದ. ಒಬ್ಬ ಸೈನಿಕನನ್ನು ಇಳಿಸುವ ರೋಟಾಚೂಟ್ ಮಾಡಿದ. ಆಮೇಲೆ ಜೀಪಿಗೇ ರೋಟರ್ ಕಟ್ಟಿದ! ರೋಟಾಬಗ್ಗಿ ಅಂತ ಹೆಸರು. ವಿಲ್ಲಿಸ್ ಜೀಪಿನೊಳಗೆ ಕಾಂಕ್ರೀಟ್ ತುಂಬಿ ಎರಡು ಮೀಟರಿಗೂ ಎತ್ತರದಿಂದ ಬೀಳಿಸಿ, ಮುರಿಯುತ್ತದಾ ಅಂತ ನೋಡಿದರು. ಮುರಿಯಲಿಲ್ಲ. 1943ರ ನವೆಂಬರ್‌ನಲ್ಲಿ ಅದನ್ನು ಎಳೆದು ಹಾರಿಸಲು ಲಾರಿ ತಂದರು, ಲಾರಿಗೆ ವೇಗ ಸಾಲಲಿಲ್ಲ. ಬೆಂಟ್ಲಿ ಕಾರು ತಂದು ಕಟ್ಟಿದರು. ಜೀಪು ಗಾಳಿಗೆ ಎದ್ದಿತು. ಕೊನೆಗೆ ಬಾಂಬರ್ ವಿಮಾನದ ಹಿಂದೆ ಕಟ್ಟಿಯೂ ಹಾರಿಸಿದರು. ದೊಡ್ಡ ಗ್ಲೈಡರ್‌ಗಳಲ್ಲೇ ಜೀಪು ಸಾಗಿಸಬಹುದು ಅಂತ ಆದ ಮೇಲೆ ಇದನ್ನು ಬದಿಗಿಟ್ಟರು. ಇಂಥ ಹುಚ್ಚು ಕೆಲಸಗಳಲ್ಲಿ ಪಳಗಿದ ತಂಡವನ್ನು ಕಟ್ಟಿಕೊಂಡು 1944ರಲ್ಲಿ ಹಾಫ್ನರ್ ಬ್ರಿಸ್ಟಲ್ ಕಂಪನಿ ಸೇರಿದ. ಅಲ್ಲಿ ಹುಟ್ಟಿದ್ದು ಟೈಪ್ 171, ಅಂದರೆ ಸಿಕಮೋರ್.

ಇನ್ನೊಂದು ತಮಾಷೆ. ಮೊದಲ ಪ್ರೋಟೋಟೈಪ್‌ಗೆ ಹೊಂದುವ ಬ್ರಿಟಿಷ್ ಎಂಜಿನ್ ಸಿದ್ಧ ಇರಲಿಲ್ಲ. ಅಮೆರಿಕದ 450 ಹಾರ್ಸ್‌ಪವರ್ ವಾಸ್ಪ್ ಜೂನಿಯರ್ ಹಾಕಿ ಹಾರಿಸಿದರು. ಒಂಬತ್ತು ಸಿಲಿಂಡರಿನ ಆಲ್ವಿಸ್ ಲಿಯೊನೈಡ್ಸ್ ಬಂದದ್ದು ಎರಡನೇ ಮಾದರಿಗೆ. ನೀವು ನೋಡಿದ ಯಂತ್ರದಲ್ಲಿ ಸೀಟುಗಳ ಹಿಂದಿನ ಗೋಡೆಯ ಆಚೆಗೇ ಆ ಎಂಜಿನ್ ಕೂತಿರುತ್ತದೆ. ಪ್ರಯಾಣಿಕರ ಬೆನ್ನ ಹಿಂದೆ ಒಂಬತ್ತು ಸಿಲಿಂಡರ್ ಗುಡುಗುತ್ತಿದ್ದರೆ ಮಾತುಕತೆ ಹೇಗಿರಬಹುದು, ಊಹಿಸಿ.

ಗಾಯಾಳುಗಳ ವಿಷಯ ಆಮೇಲೆ ಬರೆಯುತ್ತೇನೆ. ಮೊಮ್ಮಗಳ ಸ್ಕೂಲ್ ಬಸ್ ಬರುವ ಹೊತ್ತಾಯಿತು.

---

ರತ್ನಾ_ಬ್ರಿಸ್ಟಲ್:

ಸರ್, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಜೀಪಿನ ಕಥೆ ಓದಿ ಹೇಳಿದೆ, ಮಗ ತನ್ನ ಆಟಿಕೆ ಜೀಪಿಗೆ ಫ್ಯಾನ್ ಅಂಟಿಸಲು ಕೂತಿದ್ದಾನೆ. ಆರ್-2 ನೋಡಿದೆವು. ಬರೀ ಕೊಳವೆಗಳ ಹಂದರ, ಪೈಲಟ್‌ಗೆ ಬಾಗಿಲೂ ಇಲ್ಲ.

ಗಾಯಾಳುಗಳ ಬಗ್ಗೆ ದಯವಿಟ್ಟು ಬರೆಯಿರಿ. ನಮ್ಮಲ್ಲಿ ಈಗಲೂ ಏರ್ ಆಂಬ್ಯುಲೆನ್ಸ್ ಬಂದಿಳಿದರೆ ಎಲ್ಲರೂ ಗಡಿಯಾರ ನೋಡುತ್ತೇವೆ. ಆ ಕಾಲದಲ್ಲಿ ಎಷ್ಟು ಸಮಯ ಉಳಿಯುತ್ತಿತ್ತು?

---

ಹಳೇ_ಫಿಟ್ಟರ್, ಬೆಂಗಳೂರು:

ಸಮಯದ ಲೆಕ್ಕವೇ ಹೆಲಿಕಾಪ್ಟರ್‌ಗೆ ಅನ್ನ ಕೊಟ್ಟಿದ್ದು, ಮೇಡಂ. ಅದಕ್ಕೆ ಮಲಯಕ್ಕೆ, ಅಂದರೆ ಇಂದಿನ ಮಲೇಷ್ಯಾ ಕಡೆಗೆ, ಹೋಗಬೇಕು.

1948ರಿಂದ 1960ರವರೆಗೆ ಬ್ರಿಟಿಷರು ಮಲಯದ ಕಾಡಿನಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ಜೊತೆ ಹೋರಾಡುತ್ತಿದ್ದರು. ಅಲ್ಲಿ ಮರ ಅರವತ್ತು ಮೀಟರ್ ಎತ್ತರ ಹೋಗುತ್ತದೆ. ರಸ್ತೆ ಇಲ್ಲ. ಒಳಗೆ ಒಬ್ಬನಿಗೆ ಗುಂಡು ಬಿದ್ದರೆ ಅವನನ್ನು ಹೊತ್ತು ರಸ್ತೆಗೆ ತರಲು ದಿನಗಳೇ ಬೇಕಾಗುತ್ತಿದ್ದವು. ಸರದಿಯ ಮೇಲೆ ಹೊರಲು ಒಂದು ಗುಂಪು, ಅವರನ್ನು ಕಾಯಲು ಇನ್ನೊಂದು ಗುಂಪು. ಗಾಯಾಳು ಒಬ್ಬ, ಯುದ್ಧ ಬಿಟ್ಟು ಹೊರಟವರು ಹತ್ತಾರು ಮಂದಿ. ಸೈನ್ಯದವರಿಗೆ ಮೊದಲು ಅರ್ಥವಾದದ್ದು ಈ ಲೆಕ್ಕ.

1950ರಲ್ಲಿ ಸಿಂಗಪುರದಲ್ಲಿ ಗಾಯಾಳು ಸಾಗಣೆಗೆ ಅಂತ ಪುಟ್ಟ ತುಕಡಿ ಮಾಡಿದರು. ಅವರ ಬಳಿ ಇದ್ದದ್ದು ವೆಸ್ಟ್‌ಲ್ಯಾಂಡ್ ಡ್ರ್ಯಾಗನ್‌ಫ್ಲೈ. ಅಮೆರಿಕದ ಸಿಕೋರ್ಸ್ಕಿ ಎಸ್-51ರ ಲೈಸೆನ್ಸ್ ಪಡೆದು ಬ್ರಿಟನ್ನಿನಲ್ಲಿ ಕಟ್ಟಿದ್ದು. ಅದರಲ್ಲಿ ಗಾಯಾಳುವನ್ನು ಒಳಗೆ ಮಲಗಿಸಲು ಜಾಗ ಸಾಲದೆ ಹೊರಬದಿಗೆ ಪೆಟ್ಟಿಗೆ ಕಟ್ಟುವ ಏರ್ಪಾಡೂ ಇತ್ತು. ನೀವು ನರ್ಸ್, ಯೋಚಿಸಿ ನೋಡಿ. ರಕ್ತ ಹೋಗುತ್ತಿರುವವನನ್ನು ಹೊರಗೆ ಪೆಟ್ಟಿಗೆಯಲ್ಲಿ ಕಟ್ಟಿದರೆ ದಾರಿಯಲ್ಲಿ ನೀವು ಏನು ಮಾಡಲು ಆಗುತ್ತದೆ? ಆ ತುಕಡಿಯೇ 1953ರಲ್ಲಿ 194ನೇ ಸ್ಕ್ವಾಡ್ರನ್ ಆಯಿತು. 1954ರಿಂದ ಅವರಿಗೆ ಸಿಕಮೋರ್ ಬಂತು. ಇದರಲ್ಲಿ ಸ್ಟ್ರೆಚರ್ ಕ್ಯಾಬಿನ್ನಿನ ಒಳಗೇ ಹೋಗುತ್ತದೆ. ಹಾಗಾಗಿ ಆ ಎರಡು ಸ್ಟ್ರೆಚರ್ ಮಾತು ಬರೀ ಮಾರಾಟದ ಮಾತಲ್ಲ. ಇಕ್ಕಟ್ಟು ಇತ್ತು, ನಿಜ. ಆದರೆ ದಿನಗಳ ದಾರಿ ಗಂಟೆಗಳಿಗೆ, ಕೆಲವು ಸಲ ನಿಮಿಷಗಳಿಗೆ ಇಳಿಯಿತು.

ಆದರೆ ಇಳಿಯುವುದು ಹೇಗೆ? ಕೆಳಗಿದ್ದವರು ಮರ ಕಡಿದು ಒಂದು ಬಾವಿಯಂಥ ಜಾಗ ಮಾಡುತ್ತಿದ್ದರು. ಪೈಲಟ್ ಅದರೊಳಗೆ ನೇರವಾಗಿ ಇಳಿಯಬೇಕು. ಹೆಲಿಕಾಪ್ಟರ್‌ಗೆ ಇದು ಅತಿ ಕೆಟ್ಟ ಕೆಲಸ. ಓಡುತ್ತಾ ಇಳಿದರೆ ರೋಟರ್‌ಗೆ ಹೊಸ ಗಾಳಿ ಸಿಗುತ್ತದೆ. ನೇರವಾಗಿ, ಅದೂ ಬೇಗ ಇಳಿದರೆ ತಾನೇ ಕೆಳಕ್ಕೆ ತಳ್ಳಿದ ಗಾಳಿಯಲ್ಲಿ ತಾನೇ ಮುಳುಗುತ್ತದೆ, ಆಗ ಎಷ್ಟು ಶಕ್ತಿ ಕೊಟ್ಟರೂ ಕುಸಿಯುತ್ತಲೇ ಹೋಗುತ್ತದೆ. ಜೊತೆಗೆ ಬಿಸಿ. ಬಿಸಿ ಗಾಳಿ ತೆಳು. ಬ್ಲೇಡಿಗೂ ಹಿಡಿತ ಕಡಿಮೆ, ಪಿಸ್ಟನ್ ಎಂಜಿನ್ನಿಗೂ ಉಸಿರು ಕಡಿಮೆ. ಇಂಗ್ಲೆಂಡಿನ ಚಳಿಯಲ್ಲಿ ಪೈಲಟ್ ಬಿಟ್ಟು ಮೂರು ನಾಲ್ಕು ಜನರನ್ನು ಎತ್ತುವ ಯಂತ್ರ ಅಲ್ಲಿ ಅಷ್ಟನ್ನೂ ಎತ್ತಲು ಏದುಸಿರು ಬಿಡುತ್ತಿತ್ತು. ಬಾವಿಯಿಂದ ಮೇಲೆ ಬರುವಾಗ ಓಡಿ ವೇಗ ಹಿಡಿಯಲು ಜಾಗವೂ ಇಲ್ಲ. ಅರವತ್ತು ಮೀಟರ್ ನೇರ ಏರಬೇಕು. ಆ ಪೈಲಟ್‌ಗಳಿಗೆ ನನ್ನ ಸಲಾಂ.

ಈಗ ಮರದ ಕಥೆಯ ಎರಡನೇ ಭಾಗ. ಇಂಗ್ಲೆಂಡಿನಲ್ಲಿ ಜಾಣರ ಆಯ್ಕೆ ಅಂದೆನಲ್ಲ, ಮಲಯದಲ್ಲಿ ಅದೇ ಮುಳುವಾಯಿತು. ಮರದ ಬ್ಲೇಡ್ ಅಂದರೆ ಒಂದೇ ತುಂಡಲ್ಲ. ತೆಳು ಪದರಗಳನ್ನು ಅಂಟಿಸಿ ಕಟ್ಟಿದ್ದು. ಹಗಲೆಲ್ಲ ಸುಡುವ ಬಿಸಿಲು, ಮಧ್ಯಾಹ್ನ ಮಳೆ, ರಾತ್ರಿ ಒದ್ದೆ ಗಾಳಿ. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅಂಟಿನ ಗೆರೆಗಳು ಬಿಡುತ್ತವೆ. ಒಂದು ಬ್ಲೇಡ್ ತುಸು ನೀರು ಜಾಸ್ತಿ ಕುಡಿದರೂ ಸಮತೋಲ ಹೋಗಿ ಇಡೀ ಯಂತ್ರ ನಡುಗುತ್ತದೆ. ಮಲಯದಲ್ಲಿ ಅಪಘಾತಗಳಾದವು, ಜೀವ ಹೋದವು, ಬೆರಳು ಬ್ಲೇಡುಗಳ ಕಡೆ ತಿರುಗಿತು. 1959ರಲ್ಲಿ ಅಲ್ಲಿನ ಸಿಕಮೋರ್‌ಗಳ ಹಾರಾಟ ನಿಲ್ಲಿಸಿದರು. ಅದೇ ವರ್ಷ 194ನೇ ಸ್ಕ್ವಾಡ್ರನ್ ಮುಚ್ಚಿ, ಇನ್ನೊಂದರ ಜೊತೆ ಸೇರಿಸಿ 110ನೇ ಸ್ಕ್ವಾಡ್ರನ್ ಮಾಡಿದರು.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಈ ಪಾಠ ಅವರಿಗೆ ಹೊಸದಲ್ಲ. 1944ರಲ್ಲೇ ನಮ್ಮ ಭಾರತ-ಬರ್ಮಾ ಕಡೆ ಇದ್ದ ಮರದ ಮಾಸ್ಕಿಟೋ ವಿಮಾನಗಳ ರೆಕ್ಕೆ ಗಾಳಿಯಲ್ಲೇ ಮುರಿದು, ಹಾರಾಟ ನಿಲ್ಲಿಸಿ, ಒಂದೊಂದನ್ನೂ ಬಿಚ್ಚಿ ನೋಡಿದ್ದರು. ಅಲ್ಲೂ ಜೋಡಣೆಯ ದೋಷ, ಅಂಟು, ಹವೆ ಇವೇ ಚರ್ಚೆ. ಹತ್ತು ವರ್ಷದ ನಂತರ ಅದೇ ಬಗೆಯ ಹವೆಗೆ ಅದೇ ಬಗೆಯ ಅಂಟು ಮರವನ್ನು ಕಳಿಸಿ, ಈ ಸಲ ಅದರ ಮೇಲೆ ಮನುಷ್ಯರನ್ನು ನೇತುಹಾಕಿದರು. ಹಾಫ್ನರ್‌ನ ಹಬ್ ಬಗ್ಗೆ ನನ್ನದು ಒಂದೂ ದೂರಿಲ್ಲ. ಯಂತ್ರವನ್ನು ಕಾಡಿಗೆ ಕಳಿಸುವ ಮುಂಚೆ ಬ್ಲೇಡನ್ನು ಕಾಡಿನ ಹವೆಯಲ್ಲಿ ಒಂದೆರಡು ಮಳೆಗಾಲ ಇಟ್ಟು ನೋಡಬೇಕಿತ್ತು.

---

ಇತಿಹಾಸ_ಮೇಷ್ಟ್ರು, ಶಿವಮೊಗ್ಗ:

ಫಿಟ್ಟರ್ ಸಾಹೇಬರು ಯಂತ್ರದ ಕಡೆಯಿಂದ ನೋಡಿದರು, ನಾನು ಇನ್ನೊಂದು ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಸಿಕಮೋರ್ ಹೋದ ಜಾಗಗಳ ಪಟ್ಟಿ ನೋಡಿ: ಮಲಯ, ಸೈಪ್ರಸ್, ಸೂಯೆಜ್. ಸಾಮ್ರಾಜ್ಯ ಕೈಜಾರುತ್ತಿದ್ದ ಕಡೆಯಲ್ಲೆಲ್ಲ ಇದು ಇತ್ತು.

ಸೈಪ್ರಸ್‌ನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಈಯೋಕಾ ಗುಂಪು ಟ್ರೂಡೋಸ್ ಬೆಟ್ಟಗಳಲ್ಲಿ ಅಡಗಿತ್ತು. ಅಲ್ಲಿ 284ನೇ ಸ್ಕ್ವಾಡ್ರನ್ನಿನ ಸಿಕಮೋರ್‌ಗಳು ಸೈನಿಕರನ್ನು ಹಗ್ಗದ ಮೇಲೆ ಬೆಟ್ಟದ ನೆತ್ತಿಗೆ ಇಳಿಸುತ್ತಿದ್ದವು. ಕೆಳಗಿನಿಂದ ಹತ್ತಿ ಬರುವ ಸೈನಿಕರನ್ನು ಗಂಟೆಗಟ್ಟಲೆ ಮುಂಚೆಯೇ ನೋಡುತ್ತಿದ್ದ ಹೋರಾಟಗಾರರಿಗೆ ಈಗ ತಲೆಯ ಮೇಲಿಂದ ಬರುವವರ ಲೆಕ್ಕವೂ ಇಡಬೇಕಾಯಿತು.

ಸೂಯೆಜ್‌ದು ಇನ್ನೂ ವಿಚಿತ್ರ. 1956ರ ನವೆಂಬರ್ 6, ಈಜಿಪ್ಟಿನ ಪೋರ್ಟ್ ಸಯೀದ್ ಬಂದರು. ಎಚ್‌ಎಂಎಸ್ ಓಷನ್ ಮತ್ತು ಥೀಸಿಯಸ್ ಎಂಬ ಎರಡು ಹಡಗುಗಳಿಂದ ವರ್ಲ್‌ವಿಂಡ್ ಮತ್ತು ಸಿಕಮೋರ್ ಹೆಲಿಕಾಪ್ಟರ್‌ಗಳು ರಾಯಲ್ ಮರೀನ್ಸ್‌ನ 45ನೇ ಕಮಾಂಡೋ ಪಡೆಯನ್ನು ದಡಕ್ಕೆ ಸಾಗಿಸಿದವು. ಸುಮಾರು ಒಂದೂವರೆ ಗಂಟೆಯಲ್ಲಿ 415 ಜನ, 23 ಟನ್ ಸಾಮಾನು. ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಇಷ್ಟು ದೊಡ್ಡ ಪಡೆ ಯುದ್ಧಕ್ಕೆ ಇಳಿದದ್ದು ಅದೇ ಮೊದಲು. ಸಿಕಮೋರ್‌ನ ಪಾಲು ಹೇಗಿತ್ತು ಗೊತ್ತೇ? ತೂಕ ಇಳಿಸಲು ಹಿಂದಿನ ಸೀಟು ಕಿತ್ತರು, ಬಾಗಿಲು ಕಿತ್ತರು. ಒಂದು ಸಲಕ್ಕೆ ಮೂವರು. ಇಬ್ಬರು ಬಾಗಿಲ ಅಂಚಿನಲ್ಲಿ ಕಾಲು ಹೊರಗೆ ಇಳಿಬಿಟ್ಟು, ತೊಡೆಯ ಮೇಲೆ ಟ್ಯಾಂಕ್ ನಿರೋಧಕ ಶೆಲ್ ಇಟ್ಟುಕೊಂಡು ಕೂತರು. ಮಧ್ಯದವನ ಮಡಿಲಲ್ಲಿ ಮಾರ್ಟರ್ ಬಾಂಬುಗಳು. ಅವನಿಗೆ ಇನ್ನೊಂದು ಕೆಲಸ: ಅಕ್ಕಪಕ್ಕದ ಇಬ್ಬರು ಬೀಳದಂತೆ ಹಿಡಿದುಕೊಳ್ಳುವುದು! ವಾಪಸ್ ಹೋಗುವಾಗ ಅವೇ ಹೆಲಿಕಾಪ್ಟರ್‌ಗಳು ಗಾಯಾಳುಗಳನ್ನು ಹಡಗಿಗೆ ಒಯ್ದವು.

ಕೆಲಸ ಅಚ್ಚುಕಟ್ಟಾಯಿತು, ಯುದ್ಧ ಮಾತ್ರ ರಾಜಕೀಯವಾಗಿ ಮಣ್ಣುಮುಕ್ಕಿತು. ಅದೇ ರಾತ್ರಿ ಕದನ ವಿರಾಮ. ಆ ಮೂವರ ಸರ್ಕಸ್ಸು ಯಾವ ಪುರುಷಾರ್ಥಕ್ಕೆ ಅಂತ ಈಜಿಪ್ಟಿನವರೂ ಕೇಳಿದರು, ಲಂಡನ್ನಿನವರೂ ಕೇಳಿದರು.

---

ಹಳೇ_ಫಿಟ್ಟರ್, ಬೆಂಗಳೂರು:

ಮೇಷ್ಟ್ರೇ, ರಾಜಕೀಯ ನಿಮ್ಮದು, ಒಪ್ಪಿದೆ. ಆದರೆ ಪಟ್ಟಿ ಪೂರ್ತಿ ಕೊಡಿ. ಇಂಗ್ಲೆಂಡಿನ ಉತ್ತರದಲ್ಲಿ 275ನೇ ಸ್ಕ್ವಾಡ್ರನ್ 1953ರಿಂದ ಇದೇ ಸಿಕಮೋರ್ ಇಟ್ಟುಕೊಂಡು ಸಮುದ್ರಕ್ಕೆ ಬಿದ್ದವರನ್ನು ಎತ್ತುತ್ತಿತ್ತು. ಹಳದಿ ಬಣ್ಣ ಬಳಿದ ಯಂತ್ರಗಳು. ಹೆಲಿಕಾಪ್ಟರ್ ಇಟ್ಟುಕೊಂಡ ಮೊದಲ ಬ್ರಿಟಿಷ್ ವಾಯುಪಡೆ ರಕ್ಷಣಾ ಸ್ಕ್ವಾಡ್ರನ್ ಅದು. ಸಾಮ್ರಾಜ್ಯಕ್ಕೂ ಅದಕ್ಕೂ ಏನು ಸಂಬಂಧ? ಬಿದ್ದವರು ಮೀನುಗಾರರೂ ಇರಬಹುದು, ಈಜಲು ಹೋದ ಹುಡುಗರೂ ಇರಬಹುದು.

---

ಮಾಡೆಲ್_ಮಂಜು, ಹುಬ್ಬಳ್ಳಿ:

ಫಿಟ್ಟರ್ ಸರ್, ಇಷ್ಟೆಲ್ಲ ಕೆಲಸಕ್ಕೆ ಬಂದ ಯಂತ್ರ ಅಂದಮೇಲೆ ಒಟ್ಟು ಸುಮಾರು 180 ಮಾತ್ರ ಯಾಕೆ ಕಟ್ಟಿದರು? ನಮ್ಮ ದೇಶ ಯಾಕೆ ಕೊಳ್ಳಲಿಲ್ಲ? ಆಗ ನಮ್ಮ ವಾಯುಪಡೆಯಲ್ಲಿ ಎಷ್ಟೋ ಬ್ರಿಟಿಷ್ ವಿಮಾನ ಇದ್ದವಲ್ಲ.

---

ಹಳೇ_ಫಿಟ್ಟರ್, ಬೆಂಗಳೂರು:

ಮಂಜು, 180 ಅನ್ನುವುದು ಆ ಕಾಲಕ್ಕೆ ಕಡಿಮೆ ಏನಲ್ಲ. ಪಶ್ಚಿಮ ಜರ್ಮನಿ ಒಂದೇ 50 ಕೊಂಡಿತು. ಆಸ್ಟ್ರೇಲಿಯಾದ ನೌಕಾಪಡೆಗೆ ಹೋದವು, ಬೆಲ್ಜಿಯಂಗೆ ಹೋದವು. ಬ್ರಿಟಿಷ್ ವಾಯುಪಡೆಯ ಕೊನೆಯ ಸಿಕಮೋರ್‌ಗಳು 1972ರವರೆಗೆ ಲಂಡನ್ ಹತ್ತಿರದ ನಾರ್ಥೋಲ್ಟ್‌ನಲ್ಲಿ 32ನೇ ಸ್ಕ್ವಾಡ್ರನ್ ಜೊತೆ ಇದ್ದವು. ತಂಪು ಹವೆಯಲ್ಲಿ ಚೆನ್ನಾಗಿ ಬಾಳಿದವು ಅಂತಲೇ ಅರ್ಥ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಫ್ಲೈಯಿಂಗ್ ಬುಲ್ಸ್ ಎಂಬುವರು ಒಂದನ್ನು ದುರಸ್ತಿ ಮಾಡಿ ಮತ್ತೆ ಹಾರಿಸಿದ್ದಾರೆ. ಹಾಫ್ನರ್‌ನ ತಾಯ್ನಾಡಿನಲ್ಲೇ.

ಆದರೆ ಆಟ ಬೇರೆ ಕಡೆ ಮುಗಿದಿತ್ತು. ವೆಸ್ಟ್‌ಲ್ಯಾಂಡ್ ಕಂಪನಿ ಯುದ್ಧ ಮುಗಿದ ಹೊಸದರಲ್ಲೇ ಸಿಕೋರ್ಸ್ಕಿ ಜೊತೆ ಲೈಸೆನ್ಸ್ ಒಪ್ಪಂದ ಮಾಡಿಕೊಂಡಿತು. ಸಂಶೋಧನೆಯ ಖರ್ಚು ಅಮೆರಿಕದವರದ್ದು, ಕಟ್ಟುವ ಕೆಲಸ ಇವರದ್ದು. ಎಸ್-51 ತಂದು ಡ್ರ್ಯಾಗನ್‌ಫ್ಲೈ, ಎಸ್-55 ತಂದು ವರ್ಲ್‌ವಿಂಡ್, ಎಸ್-58 ತಂದು ಅದಕ್ಕೆ ಟರ್ಬೈನ್ ಹಾಕಿ ವೆಸೆಕ್ಸ್. ವರ್ಲ್‌ವಿಂಡ್‌ಗೆ ಎಂಜಿನ್ ಮೂತಿಯಲ್ಲಿ, ಹೊಟ್ಟೆಯಲ್ಲಿ ದೊಡ್ಡ ಖಾಲಿ ಕೋಣೆ. ಸೈನಿಕ ಬೇಕಾದರೆ ಸೈನಿಕ, ಮೂಟೆ ಬೇಕಾದರೆ ಮೂಟೆ. ಸಿಕಮೋರ್‌ಗೆ ಆ ಕೋಣೆ ಇರಲಿಲ್ಲ. 1960ರಲ್ಲಿ ಬ್ರಿಸ್ಟಲ್‌ನ ಹೆಲಿಕಾಪ್ಟರ್ ವಿಭಾಗವೇ ವೆಸ್ಟ್‌ಲ್ಯಾಂಡ್ ಪಾಲಾಯಿತು. ಸ್ವಂತ ವಿನ್ಯಾಸ ಮಾಡಿದವರು ಸೋತರು, ಬಾಡಿಗೆ ವಿನ್ಯಾಸ ತಂದವರು ಗೆದ್ದರು. ವ್ಯಾಪಾರದ ದೃಷ್ಟಿಯಿಂದ ವೆಸ್ಟ್‌ಲ್ಯಾಂಡ್ ಮಾಡಿದ್ದು ತಪ್ಪು ಅನ್ನಲಾರೆ. ನನ್ನ ಹೊಟ್ಟೆಯುರಿ ಫಿಟ್ಟರ್‌ನದು.

ನಮ್ಮ ದೇಶದ ವಿಷಯ. 1954ರಲ್ಲಿ ನಮ್ಮ ವಾಯುಪಡೆಗೆ ಬಂದ ಮೊದಲ ಹೆಲಿಕಾಪ್ಟರ್ ಅಮೆರಿಕದ ಎಸ್-55, ಅದೇ ದೊಡ್ಡ ಹೊಟ್ಟೆಯದ್ದು. ಆಮೇಲೆ ಲೈಸೆನ್ಸ್ ಪಡೆದು ಇಲ್ಲೇ ಕಟ್ಟುವ ಮಾತು ಬಂದಾಗ, 1962ರಲ್ಲಿ ಎಚ್‌ಎಎಲ್ ಆರಿಸಿಕೊಂಡದ್ದು ಫ್ರಾನ್ಸಿನ ಅಲೂಯೆಟ್-3. ಅದೇ ಚೇತಕ್. ಬೆಂಗಳೂರಿನಲ್ಲಿ ಕಟ್ಟಿದ ಮೊದಲನೆಯದು 1965ರಲ್ಲಿ ಬಂತು. ಅದಕ್ಕೆ ಟರ್ಬೈನ್. ಫ್ರೆಂಚರು 1955ರಲ್ಲೇ ಅಲೂಯೆಟ್-2 ಹಾರಿಸಿ ಪಿಸ್ಟನ್ ಎಂಜಿನ್ನಿನ ಕಾಲ ಮುಗಿಯಿತು ಅಂತ ತೋರಿಸಿಬಿಟ್ಟಿದ್ದರು. ಟರ್ಬೈನ್ ಹಗುರ, ನಡುಕ ಕಡಿಮೆ, ಎತ್ತರದಲ್ಲೂ ದಮ್ಮು ಇರುತ್ತದೆ. ಲಡಾಖ್ ನೋಡಿಕೊಳ್ಳಬೇಕಾದ ದೇಶಕ್ಕೆ ಪಿಸ್ಟನ್ ಎಂಜಿನ್, ಮರದ ಬ್ಲೇಡ್ ಎರಡೂ ಇರುವ ಯಂತ್ರ ಯಾವ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. ನಾನೇ ಆ ಕಮಿಟಿಯಲ್ಲಿ ಇದ್ದಿದ್ದರೂ ಸಿಕಮೋರ್ ಬೇಡ ಅನ್ನುತ್ತಿದ್ದೆ, ಮನಸ್ಸಿಲ್ಲದ ಮನಸ್ಸಿನಿಂದ.

---

ರತ್ನಾ_ಬ್ರಿಸ್ಟಲ್:

ಎಲ್ಲರಿಗೂ ಧನ್ಯವಾದ. ಮಗನ ಕೊನೆಯ ಪ್ರಶ್ನೆ ಒಂದಿದೆ ಸರ್. ಅದೇ ಮ್ಯೂಸಿಯಂನಲ್ಲಿ ಎರಡು ರೋಟರಿನ ಉದ್ದನೆಯ ದೊಡ್ಡ ಹೆಲಿಕಾಪ್ಟರ್ ಇದೆ, ಬೆಲ್ವಿಡಿಯರ್ ಅಂತ. ಅದರ ಮುಂಗಾಲು ಯಾಕೆ ಅಷ್ಟು ಎತ್ತರ? ಬಾಗಿಲಿಗೆ ಏಣಿ ಬೇಕು.

---

ಹಳೇ_ಫಿಟ್ಟರ್, ಬೆಂಗಳೂರು:

ಮಗನ ಕಣ್ಣು ಚುರುಕಾಗಿದೆ. ಅದೂ ಹಾಫ್ನರ್‌ನದೇ. ಮೊದಲು ಎರಡು ಸಿಕಮೋರ್‌ನ ರೋಟರ್ ವ್ಯವಸ್ಥೆಯನ್ನು ಒಂದೇ ಉದ್ದ ಒಡಲಿನ ಹಿಂದೆ ಮುಂದೆ ಕೂರಿಸಿ ಟೈಪ್ 173 ಮಾಡಿದ, 1952ರಲ್ಲಿ ಹಾರಿತು. ಅದು ಬೆಳೆದು ಬೆಲ್ವಿಡಿಯರ್ ಆಯಿತು. ಆ ವಿನ್ಯಾಸ ನೌಕಾಪಡೆಯನ್ನು ಮನಸ್ಸಿನಲ್ಲಿಟ್ಟು ಬೆಳೆದದ್ದು. ಹೊಟ್ಟೆಯ ಕೆಳಗೆ ಟಾರ್ಪಿಡೋ ತೂಗಬೇಕು ಅಂತ ಕಾಲು ಎತ್ತರ ಮಾಡಿದರು. ನೌಕಾಪಡೆ ಕೊಳ್ಳಲಿಲ್ಲ, ಕಾಲು ಮಾತ್ರ ಉಳಿಯಿತು. ಕಟ್ಟಿದ್ದು 26. ಎಂಜಿನ್ ಸ್ಟಾರ್ಟ್ ಮಾಡಲು ಬಳಸುತ್ತಿದ್ದ ದ್ರವ ಆಗಾಗ ಬೆಂಕಿ ಹಚ್ಚುತ್ತಿತ್ತು, ಮೆಕ್ಯಾನಿಕ್‌ಗಳು ಅದಕ್ಕೆ ಹೆದರುತ್ತಿದ್ದರು. ಆದರೂ 1962ರಲ್ಲಿ ಕೊವೆಂಟ್ರಿಯ ಹೊಸ ಕೆಥೆಡ್ರಲ್ ನೆತ್ತಿಗೆ ಲೋಹದ ಗೋಪುರ ಕೂರಿಸಿದ್ದು ಬೆಲ್ವಿಡಿಯರೇ. ಅಲ್ಲಿ ಬ್ಲೇಡ್ ಲೋಹದ್ದು. ಪ್ರೋಟೋಟೈಪ್ ಮರದಲ್ಲಿ ಶುರುವಾದರೂ, ಸೇವೆಗೆ ಹೋದವಕ್ಕೆ ಲೋಹವನ್ನೇ ಹಾಕಿದರು.

ಮತ್ತೆ ಆ ಕಡೆ ಹೋದರೆ ಒಂದು ಉಪಕಾರ ಮಾಡಿ. ಸಿಕಮೋರ್‌ನ ಹಬ್, ಅಂದರೆ ಬ್ಲೇಡ್ ಬಂದು ಸೇರುವ ಜಾಗ, ಅದರ ಹತ್ತಿರದ ಫೋಟೋ ಒಂದೆರಡು ತೆಗೆದು ಹಾಕಿ. ಬದಿಯಿಂದ ಒಂದು, ಕೆಳಗಿನಿಂದ ಒಂದು. ಬ್ಲೇಡಿನ ಹಿಂದಿನ ಅಂಚು ಹತ್ತಿರದಿಂದ ಕಂಡರೆ ಅದನ್ನೂ ತೆಗೆಯಿರಿ. ಅಂಟಿನ ಗೆರೆ ಕಾಣುತ್ತದಾ ನೋಡಬೇಕು.